ಕತ್ತಿ ಹುಲ್ಲು ತಿಂದ ಕಥೆ

ಸ್ಕೂಟರನ್ನು ಸರ್ವೀಸಿಗೆ ಬಿಡುವ ಮುಂಚೆ ಡಿಕ್ಕಿ ಖಾಲಿ ಮಾಡುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಮೊನ್ನೆ ಹಾಗೆ ಮಾಡುವಾಗ ಹಳೆಯ ಇನ್ಶೂರೆನ್ಸ್ ಕಾಗದ, ಆಯುಧಪೂಜೆಯಂದು ಇಟ್ಟು ಮರೆತ ಒಣ ನಿಂಬೆಹಣ್ಣು, ಜೋಡಿ ಕಳೆದುಕೊಂಡ ಒಂದು ಕೈಗವಸು, ಇವೆಲ್ಲದರ ಅಡಿಯಲ್ಲಿ ಒಂದು ರಟ್ಟಿನ ಚೂರು ಸಿಕ್ಕಿತು. ಮಗುವಿನ ಕೈಗೆ ಚುಚ್ಚದಿರಲಿ ಎಂದು ಮೂಲೆಗಳನ್ನು ಗುಂಡಗೆ ಕತ್ತರಿಸಿದ ಚೂರು. ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ, ನನ್ನದೇ ಕೈಬರಹದಲ್ಲಿ, ‘ಙ’ ಎಂದು ಬರೆದಿತ್ತು.

ಈ ಙ ಅಕ್ಷರವನ್ನು ನೀವು ಕೊನೆಯ ಸಲ ಯಾವಾಗ ಬರೆದಿರಿ, ಸ್ವಲ್ಪ ಯೋಚಿಸಿ ನೋಡಿ. ನನಗಂತೂ ನೆನಪಿಲ್ಲ. ವರ್ಣಮಾಲೆಯಲ್ಲಿ ಅದಕ್ಕೂ ಒಂದು ಕುರ್ಚಿ ಹಾಕಿ ಕೂರಿಸಿದ್ದಾರೆ. ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ ಅದು ಯಾರೂ ಮಾತಾಡಿಸದೆ ತನ್ನ ಪಾಡಿಗೆ ತಾನು ಕುಳಿತಿದೆ. ಆದರೆ ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಙ ಬಹಳ ದೊಡ್ಡ ಮನುಷ್ಯ. ಇವರ ಒಪ್ಪಿಗೆಯಿಲ್ಲದೆ ಮಗಳ ಕೈಗೆ ಒಂದು ಪುಸ್ತಕವನ್ನೂ ಕೊಡಕೂಡದು ಎಂದು ನಾನು ಪಟ್ಟು ಹಿಡಿದು ಕುಳಿತಿದ್ದೆ.

ಮಗಳ ಹೆಸರು ಇಂಚರ. ಹೆಸರಿಟ್ಟವಳು ನನ್ನ ಹೆಂಡತಿ ಮಂಜುಳ. ಕರೆದು ಕರೆದು ಅದು ಸವೆದು ಇಂಚು ಎಂದಾಯಿತು. ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ, ಮೆಷಿನ್ನಿನಿಂದ ಬಂದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಮಾಡುವ ಕೆಲಸದಲ್ಲಿದ್ದೇನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪಕ್ಕದ ಕೆಂಪು ಡಬ್ಬಕ್ಕೆ ಎಸೆಯಬೇಕು. ಅಂಥವನ ಮಗಳು ಇಂಚು ಆದದ್ದು ಕ್ಯಾಂಟೀನಿನಲ್ಲಿ ಬಹಳ ದಿನ ನಗುವ ವಿಷಯವಾಗಿತ್ತು.

ಇಂಚುಗೆ ಮಾತು ಉಗ್ಗುತ್ತಿತ್ತು. ಮನೆಯಲ್ಲಿ ನಮಗದು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಬೇಕಾದ ಮಾತು ಬರದಿದ್ದರೆ ಅವಳು ಕೈ ಹಿಡಿದು ಎಳೆದುಕೊಂಡು ಹೋಗಿ ಬೇಕಾದ್ದನ್ನು ತೋರಿಸಿಬಿಡುತ್ತಿದ್ದಳು. ಒಂದನೇ ಕ್ಲಾಸಿಗೆ ಹೋದ ಮೇಲೆ ಕಷ್ಟ ಶುರುವಾಯಿತು. ಅಲ್ಲಿ ದಿನಕ್ಕಿಷ್ಟು ಮಕ್ಕಳು ಸರದಿಯಂತೆ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಇವಳು ಎದ್ದು ನಿಂತರೆ ಮೊದಲ ಪದದ ಮೊದಲ ಅಕ್ಷರದಲ್ಲೇ ಗಾಡಿ ನಿಂತುಬಿಡುತ್ತಿತ್ತು. ಉಳಿದ ಮಕ್ಕಳು ನಕ್ಕರು. ಮಕ್ಕಳು ನಗುತ್ತವೆ, ಅದರಲ್ಲಿ ತಪ್ಪು ಹುಡುಕಿ ಏನು ಮಾಡುವುದು. ಟೀಚರ್ ಒಳ್ಳೆಯವರೇ. ಪಾಪ, ಬೇಗ ಮುಗಿಯಲಿ ಎಂದು ಪದವನ್ನು ತಾವೇ ಹೇಳಿಬಿಡುತ್ತಿದ್ದರು.

ಒಂದು ದಿನ ಟಿಫನ್ ಡಬ್ಬಿ ತೆರೆದು ನೋಡಿದರೆ ಬೆಳಿಗ್ಗೆ ಹಾಕಿದ್ದ ಚಿತ್ರಾನ್ನ ಹಾಗೇ ಇತ್ತು.

‘ಯಾಕಮ್ಮ ತಿಂದಿಲ್ಲ?’ ಎಂದು ಮಂಜುಳ ಕೇಳಿದಳು.

‘ನಾಳೆ ನನ್ ಟರ್ನು’ ಎಂದಿತು ಮಗು.

ಮರುದಿನ ಶಾಲೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದೆ. ಇಂಚು ಇಳಿಯಲಿಲ್ಲ. ಅಳಲೂ ಇಲ್ಲ, ಹಟವನ್ನೂ ಮಾಡಲಿಲ್ಲ. ಮುಂದೆ ನಿಂತಿದ್ದವಳು ಕನ್ನಡಿಯ ಕಡ್ಡಿಯನ್ನು ಎರಡು ಕೈಯಿಂದಲೂ ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದಳು. ಬೆರಳುಗಳನ್ನು ಬಿಡಿಸಲು ಕೈಹಾಕಿದೆ. ಆ ಪುಟ್ಟ ಬೆರಳುಗಳು ಬೆಳ್ಳಗಾಗಿದ್ದವು. ಆ ಬಿಗಿ ನೋಡಿ ನನಗೆ ಬಿಡಿಸುವ ಮನಸ್ಸು ಬರಲಿಲ್ಲ. ಸ್ಕೂಟರನ್ನು ಮನೆ ಕಡೆ ತಿರುಗಿಸಿದೆ.

ಮಂಜುಳ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಆಗ ತಾನೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ನಮ್ಮಿಬ್ಬರನ್ನೂ ನೋಡಿದಳು. ಮಗಳಿಗೆ ದೋಸೆ ಹುಯ್ದು ಕೊಟ್ಟ ಮೇಲೆ ನನ್ನನ್ನು ಅಡುಗೆಮನೆಗೆ ಕರೆದಳು.

‘ಸ್ವಲ್ಪ ದಿನ ಮನೇಲೇ ಹೇಳ್ಕೊಡಣ ಕಣ್ರೀ. ನಿಮ್ಗೆ ಸೆಕೆಂಡ್ ಶಿಫ್ಟು. ಬೆಳಗ್ಗೆ ಹೊತ್ತು ಮನೇಲೇ ಇರ್ತೀರಲ್ಲ.’

‘ನಂಗೆ ಹೇಳ್ಕೊಡೋಕ್ ಬರುತ್ತಾ?’

‘ಅದೇನ್ ಮಹಾ. ಅಕ್ಷರ ತಾನೇ.’

ಅಕ್ಷರ ತಾನೇ ಎಂದುಕೊಂಡು ನಾನು ಮೇಷ್ಟರಾದೆ.

ಈ ಸುದ್ದಿ ಗುಬ್ಬಿಗೆ ಮುಟ್ಟಲು ತಡವಾಗಲಿಲ್ಲ. ಗುಬ್ಬಿಯಲ್ಲಿ ಮಂಜುಳನ ತಂದೆ, ಅಂದರೆ ನಮ್ಮ ಮಾವ ಗಂಗಾಧರಯ್ಯನವರದು ಕೊಬ್ಬರಿ ಮಂಡಿ. ಹಣೆಯ ತುಂಬ ವಿಭೂತಿ, ಅದರ ಕೆಳಗೆ ದಪ್ಪ ಕನ್ನಡಕ. ನನ್ನ ಜೊತೆ ಅವರು ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ನಾನು ಎದುರಿಗೇ ಕೂತಿದ್ದರೂ ‘ಅಳಿಯಂದ್ರಿಗೆ ಕಾಫಿ ಕೊಟ್ಯೇನಮ್ಮ’ ಎಂದು ಮಗಳನ್ನು ಕೇಳುವ ಗೌರವಸ್ಥರು. ಆ ಭಾನುವಾರ ಒಂದು ಚೀಲ ತೆಂಗಿನಕಾಯಿಯ ಸಮೇತ ಬಂದವರು, ನೀರು ಕುಡಿದು, ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರವನ್ನು ನೋಡುತ್ತ ಮಾತು ಶುರು ಮಾಡಿದರು.

‘ಮಂಜು, ಅಳಿಯಂದ್ರು ತಿಳ್ದೋರು. ನಾನೇನ್ ಹೇಳೋಕಾಗುತ್ತೆ. ಆದ್ರೆ ಸ್ಕೂಲ್ ಬಿಟ್ಟ ಮಕ್ಳು ಏನಾಗ್ತವೆ ಅಂತ ನಂಗೊತ್ತು.’

‘ಪೂರ್ತಿ ಬಿಡ್ಸಿಲ್ಲ ಅಪ್ಪಾಜಿ. ಸ್ವಲ್ಪ ದಿನ ಅಷ್ಟೆ.’

‘ಜೂನ್ ಗಂಟ ನೋಡ್ತೀನಿ. ಅಷ್ಟ್ರಲ್ಲಿ ಮಗು ಪುಸ್ತಕ ಓದಂಗಾದ್ರೆ ಸರಿ. ಇಲ್ದಿದ್ರೆ ನಾನೇ ಗುಬ್ಬಿಗ್ ಕರ್ಕೊಂಡೋಗಿ ಅಲ್ಲೇ ಸ್ಕೂಲಿಗೆ ಹಾಕ್ತೀನಿ.’

ಮಂಜುಳ ನೀರಿನ ಲೋಟ ಎತ್ತಿಕೊಂಡು ಎದ್ದಳು. ಅಪ್ಪ ಹೇಳಿದ್ದನ್ನು ಮಾಡುವವರು ಎನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಇಂಚುವೂ ಇದನ್ನೆಲ್ಲ ಕೇಳಿಸಿಕೊಂಡಿತು. ಆವತ್ತಿನಿಂದ ತಾತ ಬಂದರೆ ಅದು ನೀರು ತಂದುಕೊಟ್ಟು ಒಳಗೆ ಓಡಿಹೋಗುತ್ತಿತ್ತು.

ನಾನು ಕೆಲಸಕ್ಕೆ ಇಳಿದೆ. ಮೊದಲು ಮೊಬೈಲಿನಲ್ಲಿ ಫೋನಿಕ್ಸ್ ಪಾಠದ ವಿಡಿಯೋಗಳನ್ನು ನೋಡಿದೆ. ಇಂಗ್ಲಿಷ್ ಅಕ್ಷರದ ಹೆಸರನ್ನು ಹೇಳಿಸಬಾರದು, ಅದರ ಸದ್ದನ್ನು ಹೇಳಿಸಬೇಕು ಎನ್ನುತ್ತಿದ್ದಳು ಅದರೊಳಗಿನ ಮೇಡಂ. ಸರಿ ಎಂದು ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಒಂದು ಮೂಲೆ ಹಿಡಿದು ಬ್, ಪ್, ಸ್ ಎಂದು ಅಭ್ಯಾಸ ಮಾಡುತ್ತಿದ್ದೆ. ಜೊತೆಯವನೊಬ್ಬ ಬಂದು, ಹಲ್ಲುನೋವಾ ಸಾರ್, ಲವಂಗ ಇಟ್ಕೊಳ್ಳಿ ಎಂದ. ಇಂಗ್ಲಿಷ್ ಆಮೇಲೆ ನೋಡೋಣ, ಮೊದಲು ಕನ್ನಡ ಎಂದು ತೀರ್ಮಾನಿಸಿದೆ. ಕನ್ನಡದಲ್ಲಿ ಅಕ್ಷರದ ಹೆಸರೂ ಅದೇ, ಸದ್ದೂ ಅದೇ. ಪಾರ್ಸಲ್ಲಿನ ರಟ್ಟಿನ ಡಬ್ಬಗಳನ್ನು ಬಿಚ್ಚಿ, ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದೆ.

ಆಟ ಬಹಳ ಚೆನ್ನಾಗಿ ನಡೆಯಿತು. ರಾಗಿ ಡಬ್ಬಿಯಲ್ಲಿ ‘ರಾ’, ದಿಂಬಿನ ಕೆಳಗೆ ‘ದಿ’, ಬಚ್ಚಲ ಚೊಂಬಿನಲ್ಲಿ ‘ಚೊ’, ಒಮ್ಮೊಮ್ಮೆ ಸ್ಕೂಟರಿನ ಡಿಕ್ಕಿಯಲ್ಲೂ ಒಂದು ಬಚ್ಚಿಡುತ್ತಿದ್ದೆ. ಇಂಚು ಹುಡುಕಿ ತಂದು ಕೂಗುತ್ತಿದ್ದಳು. ಒತ್ತಕ್ಷರಕ್ಕೆ ಅವಳೇ ‘ಮರಿ’ ಎಂದು ಹೆಸರಿಟ್ಟಳು. ‘ಅಪ್ಪ, ತ ಕೆಳಗೆ ತ ಮರಿ’ ಎನ್ನುತ್ತಿದ್ದಳು. ಒಂದೊಂದೇ ಅಕ್ಷರ ಹೇಳುವಾಗ ಅವಳ ನಾಲಗೆ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಗಂಟೆ ಹೊಡೆದಂತೆ ಬರುತ್ತಿತ್ತು. ಉಗ್ಗು ಹೋಗಿಯೇಬಿಟ್ಟಿತು ಎಂದು ನಾನು ಒಳಗೊಳಗೇ ಬೀಗಿದೆ. ಕಾರ್ಖಾನೆಯ ಅಭ್ಯಾಸ ನೋಡಿ, ಒಂದು ಪೀಸೂ ರಿಜೆಕ್ಟ್ ಆಗಬಾರದು. ಎಲ್ಲ ಅಕ್ಷರ, ಎಲ್ಲ ಕಾಗುಣಿತ, ಕಡೆಗೆ ಙ ಮತ್ತು ಞ ಸಹ ತಡವರಿಸದೆ ಬಂದ ಮೇಲೇ ಪುಸ್ತಕ ಎಂದು ನಿಯಮ ಮಾಡಿದೆ.

ಇಷ್ಟೊಂದು ನಿಯಮ ಮಾಡಿದವನು ತಾನು ಓದು ಕಲಿತದ್ದು ಹೇಗೆ ಎಂದು ಒಮ್ಮೆ ನೆನಪಿಸಿಕೊಳ್ಳಬಹುದಿತ್ತು. ಹುಲಿಯೂರುದುರ್ಗದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನಮ್ಮಪ್ಪನ ಸೈಕಲ್ ಶಾಪಿತ್ತು. ಪಂಕ್ಚರ್ ಹಾಕುವ ನೀರಿನ ಬಾಂಡಲಿಯ ಪಕ್ಕ ಕೂತು ಬಸ್ಸುಗಳ ಬೋರ್ಡು ನೋಡುವುದೇ ನನಗೆ ಕೆಲಸ. ಕುಣಿಗಲ್ ಎನ್ನುವುದನ್ನು ಅಕ್ಷರ ಬಿಡಿಸಿ ಓದಿದವನಲ್ಲ ನಾನು. ಅದರ ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದೆ. ಎಲ್ಲ ಬೋರ್ಡಿನಲ್ಲೂ ‘ಮಾರ್ಗ’ ಎಂಬ ಒಂದು ಊರಿನ ಹೆಸರು ಇರುತ್ತಿತ್ತು. ಎಲ್ಲ ಬಸ್ಸೂ ಹೋಗುತ್ತದೆ ಎಂದ ಮೇಲೆ ಬಹಳ ದೊಡ್ಡ ಊರಿರಬೇಕು ಅದು.

‘ಅವ್ವಾ, ಮಾರ್ಗದಲ್ಲಿ ನಮ್ ನೆಂಟ್ರು ಯಾರೂ ಇಲ್ವಾ?’ ಎಂದು ಕೇಳಿದ್ದೆ.

‘ಇದ್ರೂ ಏನ್ ಬಂತು ಬುಡ್ಲಾ, ಅಲ್ಲಿ ಬಸ್ಸು ನಿಲ್ಸಲ್ವಲ್ಲ’ ಎಂದಿದ್ದಳು ಅವ್ವ, ಸೊಪ್ಪು ಸೋಸುತ್ತ.

ಅವಳು ತಮಾಷೆಗೆ ಹೇಳಿದಳೋ, ಹಾಗೆಂದೇ ತಿಳಿದಿದ್ದಳೋ ಇವತ್ತಿಗೂ ಗೊತ್ತಿಲ್ಲ. ಎಲ್ಲ ಬಸ್ಸೂ ಹೋಗುವ, ಯಾವ ಬಸ್ಸೂ ನಿಲ್ಲಿಸದ ಆ ಊರಿನ ಮೇಲೆ ನನಗೆ ಬಹಳ ವರ್ಷ ಕನಿಕರವಿತ್ತು.

ಇರಲಿ, ಇಂಚುವಿನ ವಿಷಯ ಹೇಳುತ್ತಿದ್ದೆ. ಕೊನೆಗೂ ಙ ಪಾಸಾಯಿತು. ಪೇಟೆಗೆ ಹೋಗಿ ಅಂಗೈ ಅಗಲದ, ಪುಟಕ್ಕೊಂದು ಸಾಲಿನ, ಬಣ್ಣದ ಚಿತ್ರದ ಒಂದಷ್ಟು ಪುಸ್ತಕ ತಂದೆ. ಮೇಲಿದ್ದ ಪುಸ್ತಕ ಒಂದು ಮೇಕೆ ಮರಿಯ ಕಥೆ. ಬೆಳಿಗ್ಗೆ ತಲೆ ಬಾಚಿ, ಚಾಪೆ ಹಾಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟ ತೆರೆದೆ. ಚಿತ್ರ ನೋಡಿ ಪದ ಊಹಿಸುವುದು ಕಾಪಿ ಹೊಡೆದ ಹಾಗೆ ಎಂದು ನನ್ನ ಸಿದ್ಧಾಂತ. ಅದಕ್ಕೆ ಚಿತ್ರ ಮುಚ್ಚಲು ಒಂದು ರಟ್ಟಿನ ಪಟ್ಟಿಯನ್ನೂ ಮಾಡಿಟ್ಟಿದ್ದೆ.

‘ಓದು ಕಂದ.’

‘ಮೇ’ ಎಂದಳು ಇಂಚು. ‘ಕೆ’ ಎಂದಳು.

‘ಸೇರ್ಸಿ ಹೇಳು.’

ಸೇರಿಸಲು ಹೊರಟಾಗ ಅವಳ ತುಟಿ ಬಿಗಿಯಿತು. ‘ಮ್, ಮ್, ಮ್’ ಎಂದು ಅಲ್ಲೇ ನಿಂತಿತು. ಕುತ್ತಿಗೆಯ ನರ ಉಬ್ಬಿತು. ಕಣ್ಣು ನನ್ನ ಮುಖದ ಮೇಲೆ ನೆಟ್ಟಿತು. ಆಗ ನನಗೆ ಹೊಳೆಯಿತು, ಉಗ್ಗು ಎಲ್ಲೂ ಹೋಗಿರಲಿಲ್ಲ. ಬಿಡಿ ಅಕ್ಷರ ಅವಳಿಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹಳ್ಳ ದಾಟಿದ ಹಾಗೆ. ಸಾಲು ಎಂದರೆ ನೀರಿಗೇ ಇಳಿಯಬೇಕು.

ಮುಂದಿನ ದಿನಗಳಲ್ಲಿ ನಾನು ಮಾಡದ ಪ್ರಯತ್ನವಿಲ್ಲ. ಹಾಡಿನ ಹಾಗೆ ಓದಿಸಿ ನೋಡಿದೆ. ನಾನು ಅರ್ಧ ಸಾಲು, ನೀನು ಅರ್ಧ ಸಾಲು ಎಂದೆ. ಕನ್ನಡಿ ಮುಂದೆ ಕೂರಿಸಿದೆ. ಚಕ್ಕುಲಿಯ ಆಸೆ ತೋರಿಸಿದೆ. ಏನು ಮಾಡಿದರೂ ಪುಸ್ತಕ ತೆರೆದ ಕೂಡಲೇ ಆ ತುಟಿ ಬಿಗಿಯುತ್ತಿತ್ತು. ಒಂದು ಬೆಳಿಗ್ಗೆ ನಾನು ಚಾಪೆ ಹಾಸುವ ಮೊದಲೇ ರಟ್ಟಿನ ಅಕ್ಷರಗಳನ್ನೆಲ್ಲ ಸೆರಗು ಮಾಡಿಕೊಂಡ ಫ್ರಾಕಿನಲ್ಲಿ ತುಂಬಿಕೊಂಡು ಬಂದು ನನ್ನ ಮುಂದೆ ಸುರಿದಳು.

‘ಅಕ್ಷರ ಕೇಳಪ್ಪ. ಪು... ಪುಸ್ತಕ ಬೇಡ.’

ಆವತ್ತು ಕಾರ್ಖಾನೆಯಲ್ಲಿ ಎಷ್ಟು ಪೀಸು ಪಾಸು ಮಾಡಿದೆನೋ ನೆನಪಿಲ್ಲ. ಮಾರನೆಯ ದಿನ ಮೇಕೆ ಮರಿಯ ಪುಸ್ತಕವೇ ಕಾಣಿಸಲಿಲ್ಲ. ಎಲ್ಲೋ ಬಚ್ಚಿಟ್ಟಿದ್ದಾಳೆ ಎಂದು ಗೊತ್ತಿದ್ದೂ ನಾನು ಹುಡುಕಲಿಲ್ಲ. ಬೇಸಿಗೆ ಬಂದಿತ್ತು, ಜೂನ್ ದೂರವಿರಲಿಲ್ಲ. ಮಂಜುಳ ಆಗಾಗ್ಗೆ ಮಗಳ ಬಟ್ಟೆ ಮಡಿಸುತ್ತ ಸುಮ್ಮನೆ ಕೂತುಬಿಡುತ್ತಿದ್ದಳು.

ಅದೇ ಹೊತ್ತಿಗೆ ಮಾವನವರಿಗೆ ಕಣ್ಣಿನ ಪೊರೆಯ ಆಪರೇಶನ್ ಆಯಿತು. ತುಮಕೂರಿನಲ್ಲೇ ಮಾಡಿಸಿದೆವು. ದಿನಕ್ಕೆ ಹಲವು ಸಲ ಡ್ರಾಪ್ಸ್ ಹಾಕಬೇಕು, ತಪಾಸಣೆಗೆ ಹೋಗಬೇಕು ಎಂದು ನಮ್ಮ ಮನೆಯಲ್ಲೇ ಉಳಿದರು. ನಡುಮನೆಯ ದಿವಾನದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದರು. ಹೊಸ ಕನ್ನಡಕ ಕೊಡುವ ತನಕ ಓದಕೂಡದು, ಟಿವಿ ಕೂಡದು, ಮೊಬೈಲು ಕೂಡದು ಎಂದಿದ್ದರು ಡಾಕ್ಟರು.

ಟಿವಿ, ಮೊಬೈಲು ಇಲ್ಲದಿದ್ದರೆ ಅವರಿಗೇನೂ ಅಲ್ಲ. ಆದರೆ ಮಾವನವರಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಮಂಡಿಯಲ್ಲಿ ಕೊಬ್ಬರಿ ಚೀಲಗಳ ನಡುವೆ ಒರಗಿಕೊಂಡು ದಿನಕ್ಕೊಂದು ಕೊಲೆಯಾದರೂ ಓದದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಈಗ ಕೊಲೆಯಿಲ್ಲದೆ ಒದ್ದಾಡಿಹೋದರು. ಕುಕ್ಕರಿನ ಸೀಟಿ ಕೂಗಿದರೆ ಯಾರ ಮನೆಯದು ಎಂದು ವಿಚಾರಣೆ ನಡೆಸಿದರು. ಹಾಲಿನವನು ತಡವಾಗಿ ಬಂದರೆ ಎಲ್ಲಿದ್ದೆ, ಯಾರು ಸಾಕ್ಷಿ ಎಂದು ಕೇಳಿದರು. ಮಂಜುಳ ಒಂದು ಕಾದಂಬರಿ ತೆಗೆದು ಓದಿ ಹೇಳಲು ಕೂತಳು, ಡ್ಯೂಟಿಯ ಆಯಾಸಕ್ಕೆ ಹೆಣ ಸಿಗುವ ಮೊದಲೇ ನಿದ್ದೆ ಹೋದಳು. ನಾನು ಓದಿದೆ. ಒಂದು ಪುಟ ಕೇಳಿದ ಮಾವ ಗೋಡೆಯ ಕಡೆ ತಿರುಗಿ, ‘ಅಳಿಯಂದ್ರು ಕಂಪ್ನಿ ನೋಟೀಸ್ ಓದ್ದಂಗ್ ಓದ್ತಾರೆ. ಸಾಕು ಅನ್ನಮ್ಮ’ ಎಂದರು.

ಒಂದು ಬೆಳಿಗ್ಗೆ ಮಂಜುಳ ಡ್ಯೂಟಿಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಮಾವನವರಿಗೆಂದು ಮುದ್ದೆ ತಿರುವುತ್ತಿದ್ದೆ. ನಡುಮನೆಯಲ್ಲಿ ಏನೋ ಸರಕ್ಕೆಂದಿತು.

‘ಯಾರದು?’ ಎಂದರು ಮಾವ.

ಸದ್ದಿಲ್ಲ.

‘ಇಂಚೂನೇನಮ್ಮ? ದಿವಾನದ ಕೆಳ್ಗೆ ಏನ್ ಮಾಡ್ತಿದ್ದೀಯ?’

ನಾನು ಬಾಗಿಲಿಂದ ಇಣುಕಿದೆ. ಮಗಳು ದಿವಾನದ ಅಡಿಯಿಂದ ತೆವಳಿಕೊಂಡು ಈಚೆ ಬರುತ್ತಿದ್ದಳು. ಅವಳ ಕೈಯಲ್ಲಿ ಮೇಕೆ ಮರಿಯ ಪುಸ್ತಕವಿತ್ತು. ತಾತ ಅಲ್ಲೇ ಠಿಕಾಣಿ ಹೂಡಿದ್ದರಿಂದ ಬಚ್ಚಿಟ್ಟ ಜಾಗ ಬದಲಾಯಿಸಲು ಬಂದಿದ್ದಳು ಎಂದು ಕಾಣುತ್ತದೆ.

‘ಏನದು ಕೈಲಿ?’

‘ಪು... ಪುಸ್ತಕ.’

ಮಾವ ದಿಂಬಿನಿಂದ ತಲೆಯೆತ್ತಿದರು. ‘ಕೊಲೆ ಐತಾ?’

ಇಂಚು ಸ್ವಲ್ಪ ಯೋಚಿಸಿದಳು. ‘ಮೇಕೆ ಐತೆ.’

‘ಮೇಕೆ ಕೊಲೆನಾ?’

‘ಗೊತ್ತಿಲ್ಲ.’

‘ಗೊತ್ತಿಲ್ಲ ಅಂದ್ರೆ ಹೆಂಗೆ? ಓದಿ ನೋಡು ಮತ್ತೆ.’

ನನ್ನ ಕೈಯಲ್ಲಿ ಮುದ್ದೆ ಕೋಲು ಹಾಗೇ ನಿಂತಿತು. ಇಂಚು ಬಾಗಿಲ ಕಡೆ ನೋಡಿದಳು. ನಾನು ಬೇಗ ಹಿಂದೆ ಸರಿದೆ. ಪುಸ್ತಕ ತೆರೆದ ಸದ್ದಾಯಿತು. ಆಮೇಲೆ ಅವಳ ದನಿ ಬಂತು. ‘ಮ್, ಮ್, ಮ್...’

ನನ್ನ ಕಾಲು ಹೊಸ್ತಿಲ ಮೇಲಿತ್ತು. ಹೋಗಿ ಪದ ಹೇಳಿಕೊಟ್ಟುಬಿಡಲೇ ಎನಿಸಿತು. ಅಷ್ಟರಲ್ಲಿ ಮಾವ ಅಂದರು, ‘ತಡಿ ತಡಿ. ಬೇಗ ಹೇಳ್ಬೇಡ. ಬೇಗ ಹೇಳುದ್ರೆ ಮಜಾ ಹೋಗ್ತದೆ.’

ನೋಡಿ, ಆ ಮಗುವಿಗೆ ಅದುವರೆಗೆ ಎಲ್ಲರೂ ಬೇಗ ಹೇಳು ಎಂದವರೇ. ಬಾಯಲ್ಲಿ ಹೇಳದವರು ಮುಖದಲ್ಲಿ ಹೇಳುತ್ತಿದ್ದರು. ಬೇಗ ಹೇಳಬೇಡ ಎಂದವರು ಇವರೊಬ್ಬರೇ. ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣೂ ಕಾಣುತ್ತಿರಲಿಲ್ಲ.

‘ಮೇಕೆ ಮರಿ’ ಎಂದಳು ಇಂಚು. ನಿಂತಳು. ‘ಕ, ಕ... ಕಾಣೆ ಆಯಿತು.’

‘ಕಾಣೆ ಆಯ್ತಾ’ ಎಂದು ಮಾವ ಎದ್ದೇ ಕುಳಿತರು. ‘ಯಾವಾಗ? ಕಟ್ಟಿದ್ರಾ, ಬಿಟ್ಟಿದ್ರಾ? ಮುಂದುಕ್ ಓದು.’

ಆ ಒಂದು ಸಾಲಿನ ಮೇಲೆ ಅವರಿಬ್ಬರೂ ಎಷ್ಟು ಹೊತ್ತು ಚರ್ಚೆ ಮಾಡಿದರೆಂದರೆ ಮುದ್ದೆ ತಳ ಹತ್ತಿತು. ಹತ್ತಿದ ಮುದ್ದೆಯನ್ನೇ ಮಾವ ಉಂಡರು. ಅವರ ಗಮನ ಊಟದ ಮೇಲಿರಲಿಲ್ಲ. ಹಗ್ಗ ಬಿಚ್ಚಿದವರು ಯಾರು ಎಂದು ಯೋಚಿಸುತ್ತಿದ್ದರು.

ಮರುದಿನ ನಾನು ಕರೆಯದೇ ಪುಸ್ತಕ ಹೊರಗೆ ಬಂತು. ನನಗೆ ಒಳಗೆ ಬರಲು ಅಪ್ಪಣೆಯಿರಲಿಲ್ಲ. ‘ಅಪ್ಪ, ನೀನ್ ಹೋಗು, ನಾವ್ ಓದ್ಬೇಕು’ ಎಂದು ಮಗಳು ಬಾಗಿಲು ಮುಂದಕ್ಕೆ ಹಾಕಿದಳು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುವ ನೆಪದಲ್ಲಿ ಕಿವಿಗೊಟ್ಟು ಕೂತೆ. ಅವಳು ಒಂದೊಂದು ಪದಕ್ಕೂ ಒದ್ದಾಡುತ್ತಿದ್ದಳು. ಆದರೆ ಆ ಒದ್ದಾಟದಲ್ಲಿ ಹೆದರಿಕೆ ಇರಲಿಲ್ಲ. ಬಾವಿಯಿಂದ ಕೊಡ ಎಳೆಯುವವರ ಏದುಸಿರಿನ ಹಾಗಿತ್ತು. ಕೊಡ ಮೇಲೆ ಬರುವ ತನಕ ತಾತ ಕಾಯುತ್ತಿದ್ದರು.

‘ಕೆರೆ ಏರಿ ಮೇಲೆ ಕ... ಕತ್ತಿ ಇತ್ತು’ ಎಂದು ಓದಿದಳು.

‘ಕತ್ತಿನಾ?’ ಮಾವನ ದನಿ ಏರಿತು. ‘ನಾನಂದ್ಕಂಡೆ. ಇದು ಸಾಮಾನ್ಯದ್ ಕೇಸಲ್ಲ. ಏರಿ ಮೇಲೆ ಕತ್ತಿ ಯಾರ್ ಬಿಟ್ಟೋದ್ರು? ರಕ್ತ ಐತಾ?’

‘ರಕ್ತ ಬರ್ದಿಲ್ಲ ತಾತ.’

‘ತೊಳ್ದಿರ್ತಾರೆ. ಕೆರೆ ಪಕ್ದಲ್ಲೇ ಐತಲ್ಲ. ಮುಂದೆ?’

ಪುಟ ತಿರುವಿದ ಸದ್ದು. ಅಡುಗೆಮನೆಯಲ್ಲಿ ನನಗೆ ಗೊತ್ತಾಗಿತ್ತು, ಅದು ಕತ್ತಿಯಲ್ಲ. ತಿದ್ದಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನು ಹೇಗೋ ನುಂಗಿಕೊಂಡೆ.

‘ಕತ್ತಿ ಹುಲ್ಲು ತಿ... ತಿಂದಿತು.’

‘ಕತ್ತಿ ಹುಲ್ಲು ಕೊಯ್ತದೆ ಕಣಮ್ಮ’ ಎಂದರು ಮಾವ, ನಿಧಾನವಾಗಿ. ‘ತಿನ್ನದ್ ನಾನ್ ಕೇಳಿಲ್ಲ.’

ನಾನು ಬಾಗಿಲ ಸಂದಿಯಿಂದ ನೋಡಿದೆ. ಇಂಚುವಿನ ಹುಬ್ಬು ಗಂಟಿಕ್ಕಿತ್ತು. ಬೆರಳು ಸಾಲಿನ ಮೇಲೆ ಹಿಂದಕ್ಕೆ ಹೋಯಿತು, ಹಿಂದಿನ ಪುಟಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು. ಆಮೇಲೆ ನಾನು ಚಿತ್ರ ಮುಚ್ಚಲು ಕೊಟ್ಟಿದ್ದ ರಟ್ಟಿನ ಪಟ್ಟಿಯನ್ನು ತೆಗೆದು ಪಕ್ಕಕ್ಕೆ ಎಸೆದಳು. ಬಾಯಿ ತೆರೆಯಿತು. ನಗು ಉಕ್ಕಿ ಬಂತು.

‘ತಾತ, ಕತ್ತಿ ಅಲ್ಲ. ಕತ್ತೆ. ತ ಕೆಳಗೆ ತ ಮರಿ, ಅದು ತ್ತೆ. ಕತ್ತೆ ಹುಲ್ಲು ತಿಂದಿತು.’

ಇಷ್ಟು ಉದ್ದದ ಮಾತು ಒಮ್ಮೆಯೂ ನಿಲ್ಲದೆ ಬಂದದ್ದನ್ನು ಅವಳೂ ಗಮನಿಸಲಿಲ್ಲ.

‘ಥತ್’ ಎಂದು ಮಾವ ದಿಂಬಿಗೆ ಒರಗಿದರು. ‘ಒಳ್ಳೆ ಕೇಸು. ಕತ್ತೆ ಬಂದು ಕೆಡಿಸ್ತು.’

ಇಬ್ಬರೂ ನಕ್ಕರು. ಕಣ್ಣಿಗೆ ಆಪರೇಶನ್ ಆದವರು ಅಷ್ಟು ನಗಬಾರದಿತ್ತೋ ಏನೋ. ನಾನು ಸೊಪ್ಪಿನ ಬುಟ್ಟಿಯ ಮುಂದೆ ಬಂದು ಕೂತು ಮೂಗೊರೆಸಿಕೊಂಡೆ. ಅಕ್ಷರ ಹೇಳುವುದೇ ಬೇರೆ, ಕತ್ತಿ ಹುಲ್ಲು ತಿನ್ನುವುದಿಲ್ಲವಲ್ಲ ಎಂದು ತಡೆದು ನಿಲ್ಲುವುದೇ ಬೇರೆ. ಅದನ್ನು ನಾನು ಯಾವ ರಟ್ಟಿನ ಮೇಲೂ ಬರೆದು ಕೊಟ್ಟಿರಲಿಲ್ಲ.

ಮೇಕೆ ಮರಿ ಕೊನೆಗೆ ಹುಲ್ಲಿನ ಮೆದೆಯ ಹಿಂದೆ ನಿದ್ದೆ ಮಾಡುತ್ತ ಸಿಕ್ಕಿತು. ಆಮೇಲೆ ಕೋಳಿಯ ಕಥೆ, ಛತ್ರಿಯ ಕಥೆ, ಹಲ್ಲು ಬಿದ್ದ ಹುಡುಗಿಯ ಕಥೆ ಎಲ್ಲದರ ವಿಚಾರಣೆಯೂ ನಡೆಯಿತು. ಮನೆಯ ಪುಸ್ತಕ ಮುಗಿದು ನಾನು ಮತ್ತೆ ಪೇಟೆಗೆ ಓಡಿದೆ. ಒಂದು ಸಂಜೆ ಬೇಗ ಬಂದ ಮಂಜುಳ ಇದನ್ನು ಕಣ್ಣಾರೆ ಕಂಡಳು. ಇಂಚು ಒಂದು ಪದದಲ್ಲಿ ಸಿಕ್ಕಿಕೊಂಡಿದ್ದಳು. ಮಂಜುಳ ಬಾಯಿ ತೆರೆಯುವಷ್ಟರಲ್ಲಿ ಮಾವ ಕೈಯೆತ್ತಿ ತಡೆದರು. ‘ಸುಮ್ಕಿರಮ್ಮ. ಏನ್ ಸಸ್ಪೆನ್ಸ್ ಇಡ್ತಾಳೆ ನಿನ್ ಮಗ್ಳು.’

ಹೊಸ ಕನ್ನಡಕ ಬಂತು. ಮಾವ ಊರಿಗೆ ಹೊರಟರು. ಗುಬ್ಬಿಯವರೆಗೆ ಬಿಟ್ಟುಬರಲು ನಾನು ಬಸ್ಸಿನಲ್ಲಿ ಜೊತೆಗೆ ಹೋದೆ. ಊರು ದಾಟಿ ತೆಂಗಿನ ತೋಟಗಳು ಶುರುವಾದ ಮೇಲೆ ಅವರು ಕಿಟಕಿಯಿಂದ ಮುಖ ತಿರುಗಿಸಿ, ಮದುವೆಯಾದಾಗಿನಿಂದ ಮೊದಲ ಸಲ, ನೇರವಾಗಿ ನನ್ನನ್ನೇ ಉದ್ದೇಶಿಸಿ ಮಾತಾಡಿದರು.

‘ಅಳಿಯಂದ್ರೆ, ಚಿಕ್ಕಂದ್ರಲ್ಲಿ ನಂಗೂ ಹಿಂಗೇ ಇತ್ತು.’

‘ಏನು ಮಾವ?’

‘ಮಾತು. ಮೇಷ್ಟ್ರು ಎಬ್ಸಿ ನಿಲ್ಸೋರು. ಬರ್ತಿರ್ಲಿಲ್ಲ. ಸ್ಕೂಲ್ ಬಿಟ್ಟು ಮಂಡೀಲಿ ಕೂತೆ. ಆಮೇಲಾಮೇಲೆ ಒಬ್ನೇ ಕೂತು ಓದದ್ ಕಲ್ತೆ. ಆದ್ರೆ ಇವತ್ತಿನ್ ಗಂಟ ಒಬ್ರ ಮುಂದೆ ಒಂದ್ ಸಾಲು ಗಟ್ಟಿಯಾಗ್ ಓದಿಲ್ಲ. ಮಂಡೀಲಿ ರೇಟ್ ಕೂಗೋದು ತಮ್ಮನೇ.’ ಹೊಸ ಕನ್ನಡಕ ತೆಗೆದು ಒರೆಸಿಕೊಂಡರು. ‘ಮಗೂಗೂ ಹಂಗೇ ಆಯ್ತದೇನೋ ಅಂತ ಸ್ಕೂಲು ಸ್ಕೂಲು ಅಂತಿದ್ದೆ.’

ಅವರು ಮಾತು ಅಳೆದು ತೂಗಿ ಆಡುವುದನ್ನು ನಾನು ಇಷ್ಟು ವರ್ಷ ವ್ಯಾಪಾರಸ್ಥರ ಗತ್ತು ಎಂದುಕೊಂಡಿದ್ದೆ.

‘ಹಂಗಾದ್ರೆ ನಿಮ್ಗೆ ಗೊತ್ತಿತ್ತಲ್ಲ ಮಾವ, ಅವ್ಳು ಉಗ್ಗುತ್ತಿದ್ಲು ಅಂತ.’

‘ಗೊತ್ತಿರ್ದೆ ಏನು.’

‘ಮತ್ತೆ ಸಸ್ಪೆನ್ಸ್ ಅಂತಿದ್ರಿ?’

‘ಸಸ್ಪೆನ್ಸೇ ಅಲ್ವಾ. ಮುಂದುಕ್ ಏನ್ ಬತ್ತದೆ ಅಂತ ನಂಗೇನ್ ಗೊತ್ತಿತ್ತು?’

ಜೂನ್ ಬಂತು. ಮಾವ ಬಂದರು. ಮಗುವನ್ನು ಕೂರಿಸಿ ಪರೀಕ್ಷೆ ಮಾಡಲಿಲ್ಲ. ಕಾಫಿ ಕುಡಿದು ಗೋಡೆ ಗಡಿಯಾರಕ್ಕೆ, ‘ಅಳಿಯಂದ್ರು ಹೆಂಗ್ ಸರಿ ಅನ್ಸುತ್ತೋ ಹಂಗ್ ಮಾಡ್ಲಮ್ಮ’ ಎಂದರು. ಹೋಗುವಾಗ ಒಂದು ಚೀಲ ಬಿಟ್ಟುಹೋದರು. ತೆಂಗಿನಕಾಯಿ ಎಂದುಕೊಂಡು ಬಿಚ್ಚಿದರೆ ಒಳಗೆ ಮಕ್ಕಳ ಕಥೆಪುಸ್ತಕಗಳು. ಎಲ್ಲವೂ ಹಳೆಯವು, ಗುಬ್ಬಿಯ ಸಂತೆಯಲ್ಲಿ ಆರಿಸಿ ಆರಿಸಿ ತಂದವು.

ಆ ವರ್ಷವೂ ಇಂಚು ಮನೆಯಲ್ಲೇ ಓದಿದಳು. ಅದರ ಮುಂದಿನ ಬೇಸಿಗೆಯಲ್ಲಿ ತಾನೇ ಒಂದು ದಿನ, ಪಕ್ಕದ ಬೀದಿಯ ಹುಡುಗಿ ಹೋಗುವ ಶಾಲೆಗೆ ತಾನೂ ಹೋಗುತ್ತೇನೆ ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ‘ಅಲ್ಲೂ ಎದ್ದು ನಿಂತು ಓದ್ಬೇಕಾಗುತ್ತೆ ಕಂದ’ ಎಂದಳು ಮಂಜುಳ. ‘ಗೊತ್ತು’ ಎಂದಳು ಮಗಳು.

ಸೇರಿದ ಕೆಲವು ದಿನಗಳ ಮೇಲೆ ಅವಳ ಸರದಿ ಬಂತು. ಆ ದಿನ ಶನಿವಾರ, ಶಾಲೆ ಅರ್ಧ ದಿನ. ನಾನು ಶಿಫ್ಟಿಗೆ ಹೊರಡಲು ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದೆ. ಇಂಚು ಬಂದು ಬ್ಯಾಗು ಇಳಿಸಿ ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತಳು.

‘ಅಪ್ಪ, ಇವತ್ತು ಓದ್ದೆ.’

ನನ್ನ ಕೈ ಲೇಸಿನ ಮೇಲೇ ಉಳಿಯಿತು. ‘ಹೆಂಗಾಯ್ತು?’

‘ಮಧ್ಯದಲ್ಲಿ ನಿಂತೋಯ್ತು.’

‘ನಕ್ರಾ?’ ಎಂದೆ ಮೆಲ್ಲಗೆ.

‘ಇಬ್ರು ನಕ್ರು. ಆಮೇಲೆ ಸುಮ್ನಾದ್ರು. ಟೀಚರ್ ಹೇಳ್ಕೊಡೋಕ್ ಬಂದ್ರು. ನಾನು ಬೇಡ ಮಿಸ್ ಅಂತ ಕೈ ತೋರಿಸ್ದೆ.’

‘ಆಮೇಲೆ?’

ಇಂಚು ಸಾಕ್ಸು ಕಳಚಿ, ಉಂಡೆ ಮಾಡಿ, ಶೂ ಒಳಗೆ ತುರುಕಿದಳು. ಅವಸರವೇ ಇರಲಿಲ್ಲ.

‘ಎ... ಎಲ್ರೂ ನನ್ನೇ ನೋಡ್ತಿದ್ರಪ್ಪ’ ಎಂದಳು. ‘ಸ್ವಲ್ಪ ಹೊತ್ತು ಕಾಯ್ಸಿದೆ.’